ಕಿವಿಯ ಮೂಳೆಯಿಂದ ಸಿಕ್ಕಿಬಿದ್ದ ತಿಮಿಂಗಿಲ

ಪಾಕಿಸೀಟಸ್‌ನ ಅಸ್ಥಿಪಂಜರವನ್ನು ಮೊದಲ ಸಲ ನೋಡಿದವರು ಯಾರೂ ಅದನ್ನು ತಿಮಿಂಗಿಲ ಅನ್ನುವುದಿಲ್ಲ. ಹೆಚ್ಚೂಕಮ್ಮಿ ತೋಳದ ಗಾತ್ರ. ಉದ್ದ ಮೂತಿ, ಸಪೂರ ಕಾಲು, ದಪ್ಪ ಬಾಲ. ಈಜುರೆಕ್ಕೆ ಇಲ್ಲ, ನೆತ್ತಿಯ ಮೇಲೆ ಉಸಿರಾಡುವ ತೂತೂ ಇಲ್ಲ. ಸುಮಾರು 5 ಕೋಟಿ ವರ್ಷಗಳ ಹಿಂದೆ, ಈಗಿನ ಪಾಕಿಸ್ತಾನದ ಉತ್ತರ ಭಾಗದಲ್ಲಿ, ಆಳವಿಲ್ಲದ ಹೊಳೆಗಳ ಪಕ್ಕ ಓಡಾಡಿಕೊಂಡಿದ್ದ ಪ್ರಾಣಿ ಇದು. ಆದರೂ ವಿಜ್ಞಾನಿಗಳು ಇದನ್ನು ತಿಮಿಂಗಿಲಗಳ ಗುಂಪಿಗೇ ಸೇರಿಸಿದ್ದಾರೆ. ಅದೂ ಹಿಂದೆಮುಂದೆ ನೋಡದೆ.

ಯಾವ ಧೈರ್ಯದ ಮೇಲೆ? ಉತ್ತರ ಇರುವುದು ಕಿವಿಯಲ್ಲಿ.

ಸಸ್ತನಿಗಳ ತಲೆಬುರುಡೆಯ ಕೆಳಗೆ, ಕಿವಿಯ ಹತ್ತಿರ, ಒಂದು ಪುಟ್ಟ ಟೊಳ್ಳು ಮೂಳೆ ಇರುತ್ತದೆ. ನಡುಗಿವಿಯನ್ನು ಕೆಳಗಿನಿಂದ ಮುಚ್ಚಿಕೊಂಡಿರುವ ಬಟ್ಟಲಿನಾಕಾರದ ಮೂಳೆ ಅದು. ನಾಯಿ, ಬೆಕ್ಕುಗಳಲ್ಲಿ ಈ ಬಟ್ಟಲಿನ ಗೋಡೆ ಸುತ್ತಲೂ ತೆಳ್ಳಗಿರುತ್ತದೆ. ತಿಮಿಂಗಿಲ ಮತ್ತು ಡಾಲ್ಫಿನ್‌ಗಳಲ್ಲಿ ಹಾಗಲ್ಲ. ಒಳಬದಿಯ ಅಂಚು ಮಾತ್ರ ಊದಿಕೊಂಡ ತುಟಿಯ ಹಾಗೆ ದಪ್ಪಗೆ, ಕಲ್ಲಿನಷ್ಟು ಗಟ್ಟಿಯಾಗಿ ಬೆಳೆದಿರುತ್ತದೆ. ಈ ದಪ್ಪ ಅಂಚಿಗೆ ಇನ್ವೊಲ್ಯೂಕ್ರಮ್ ಅಂತ ಹೆಸರು. ಈಗ ಬದುಕಿರುವ ಯಾವ ತಿಮಿಂಗಿಲವನ್ನು ತೆಗೆದುಕೊಂಡರೂ ಇದು ಇದ್ದೇ ಇರುತ್ತದೆ. ಬೇರೆ ಯಾವ ಜೀವಂತ ಸಸ್ತನಿಯಲ್ಲೂ ಇಲ್ಲ. ಎಷ್ಟು ಗಟ್ಟಿ ಅಂದರೆ, 1870ರ ದಶಕದಲ್ಲಿ ಚಾಲೆಂಜರ್ ಎಂಬ ಹಡಗು ಸಾಗರಗಳ ತಳವನ್ನು ಕೆರೆದು ನೋಡಿದಾಗ ತಿಮಿಂಗಿಲಗಳ ಉಳಿದ ಮೂಳೆಗಳೆಲ್ಲ ಕರಗಿಹೋದ ಜಾಗದಲ್ಲೂ ಕಿವಿಯ ಮೂಳೆಗಳು ರಾಶಿ ರಾಶಿ ಸಿಕ್ಕಿದ್ದವು.

ಪಾಕಿಸ್ತಾನದ ಕೋಹಾಟ್ ಪ್ರದೇಶದ ಕೆಂಪು ಕಲ್ಲಿನಲ್ಲಿ ಸಿಕ್ಕ ತಲೆಬುರುಡೆಯ ಹಿಂಭಾಗವೊಂದರಲ್ಲಿ ಈ ದಪ್ಪ ಅಂಚು ಇತ್ತು. ಅಮೆರಿಕದ ಫಿಲಿಪ್ ಗಿಂಗರಿಚ್ ಮತ್ತು ಡೊನಾಲ್ಡ್ ರಸೆಲ್ 1981ರಲ್ಲಿ ಅದಕ್ಕೆ ಪಾಕಿಸೀಟಸ್ ಎಂದು ಹೆಸರಿಟ್ಟರು. ಆಗ ಅವರ ಕೈಯಲ್ಲಿ ಕಾಲಿನ ಮೂಳೆ ಇರಲಿಲ್ಲ. ಹಾಗಾಗಿ ಆ ಕಾಲದ ಚಿತ್ರಗಳಲ್ಲಿ ಪಾಕಿಸೀಟಸ್ ಅರ್ಧ ಸೀಲ್‌ನಂತೆ ನೀರಿಗೆ ಧುಮುಕಿ ಮೀನು ಹಿಡಿಯುತ್ತದೆ. ದೇಹದ ಉಳಿದ ಮೂಳೆಗಳು ಪ್ರಕಟವಾಗಿದ್ದು 2001ರಲ್ಲಿ, ಹಾನ್ಸ್ ಥೆವಿಸನ್ ಮತ್ತು ಜೊತೆಗಾರರಿಂದ. ನೋಡಿದರೆ ನೆಲದ ಮೇಲೆ ನಾಲ್ಕು ಕಾಲಲ್ಲಿ ಓಡಾಡುವ ಪ್ರಾಣಿ! ಹಳೆಯ ಚಿತ್ರಗಳು ಈಗಲೂ ಅಲ್ಲಲ್ಲಿ ಕಾಣಸಿಗುತ್ತವೆ, ನಂಬಬೇಡಿ.

ಹಾಗಂತ ಪಾಕಿಸೀಟಸ್‌ಗೂ ನೀರಿಗೂ ಸಂಬಂಧವೇ ಇರಲಿಲ್ಲ ಅಂತಲ್ಲ. ಅದರ ಕಣ್ಣುಗಳು ತಲೆಯ ಪಕ್ಕದಲ್ಲಿರದೆ ಮೇಲ್ಭಾಗದಲ್ಲಿ ಒಂದಕ್ಕೊಂದು ಹತ್ತಿರ ಇದ್ದವು. ನೀರಲ್ಲಿ ಮುಳುಗಿಕೊಂಡು ದಡದ ಕಡೆ ಇಣುಕುವ ಪ್ರಾಣಿಗೆ ಒಪ್ಪುವ ಜಾಗ ಅದು. ಕಾಲಿನ ಮೂಳೆಗಳ ಗೋಡೆ ಬಹಳ ದಪ್ಪ, ಒಳಗಿನ ಟೊಳ್ಳು ಕಿರಿದು. ವೇಗವಾಗಿ ಓಡುವ ಪ್ರಾಣಿಗೆ ಇದು ಸುಮ್ನೆ ಭಾರ. ನೀರಲ್ಲಿ ತೇಲಿಹೋಗದೆ ತಳದಲ್ಲಿ ನಡೆಯುವ ಪ್ರಾಣಿಗೆ ಮಾತ್ರ ಅನುಕೂಲ. ಹಲ್ಲಿನ ಎನಾಮಲ್‌ನಲ್ಲಿರುವ ಆಮ್ಲಜನಕವೂ ಒಂದು ಸುಳಿವು ಕೊಡುತ್ತದೆ. ಆಮ್ಲಜನಕದ ಪರಮಾಣುಗಳಲ್ಲಿ ಹಗುರದ್ದು, ಭಾರದ್ದು ಅಂತ ಬಗೆಗಳಿವೆ. ಸಮುದ್ರದ ನೀರಿನಲ್ಲಿ ಭಾರದ್ದರ ಪಾಲು ಸ್ವಲ್ಪ ಜಾಸ್ತಿ, ಹೊಳೆಯ ನೀರಿನಲ್ಲಿ ಕಡಿಮೆ. ಪ್ರಾಣಿ ಎಂಥ ನೀರು ಕುಡಿಯಿತೋ ಅದರ ಗುರುತು ಹಲ್ಲಿನಲ್ಲಿ ಉಳಿಯುತ್ತದೆ. ಪಾಕಿಸೀಟಸ್ ಕುಡಿದದ್ದು ಸಿಹಿನೀರು. ಅಂದರೆ ಈ ತಿಮಿಂಗಿಲ ಬದುಕಿದ್ದು ಸಮುದ್ರದಲ್ಲಲ್ಲ.

ಈಗ ಇನ್ನೊಂದು ಪ್ರಶ್ನೆ. ತಿಮಿಂಗಿಲ ನೆಲದಿಂದ ಬಂತು, ಸರಿ. ಯಾರ ಮನೆಯಿಂದ ಬಂತು?

ಚಾರ್ಲ್ಸ್ ಡಾರ್ವಿನ್ 1859ರ ತನ್ನ ಪುಸ್ತಕದಲ್ಲಿ ಕರಡಿಯ ಮಾತು ಎತ್ತಿದ್ದ. ಬಾಯಿ ತೆರೆದುಕೊಂಡು ಈಜುತ್ತಾ ನೀರಿನ ಹುಳ ಹಿಡಿಯುವ ಕರಡಿ ಕಾಲಾಂತರದಲ್ಲಿ ತಿಮಿಂಗಿಲದಂಥ ಪ್ರಾಣಿ ಆದರೂ ಆಗಬಹುದು ಎಂಬ ಊಹೆ. ಜನ ಗೇಲಿ ಮಾಡಿದರು. ಮುಂದಿನ ಆವೃತ್ತಿಗಳಲ್ಲಿ ಆ ಭಾಗವನ್ನು ಆತ ಮೊಟಕು ಮಾಡಿದ. ನೂರು ವರ್ಷ ಕಳೆದ ಮೇಲೆ, 1966ರಲ್ಲಿ, ಲೀ ವ್ಯಾನ್ ವೇಲನ್ ಎಂಬ ವಿಜ್ಞಾನಿ ಮೆಸೋನಿಕಿಡ್ ಎಂಬ ಅಳಿದುಹೋದ ಗುಂಪಿನತ್ತ ಬೆರಳು ತೋರಿಸಿದರು. ಅವು ಗೊರಸು ಇದ್ದ ಮಾಂಸಾಹಾರಿಗಳು. ಅವುಗಳ ಹಲ್ಲು ಹಳೆಯ ತಿಮಿಂಗಿಲಗಳ ಹಲ್ಲನ್ನು ತುಂಬಾ ಹೋಲುತ್ತದೆ. ಪಳೆಯುಳಿಕೆ ತಜ್ಞರಿಗೆ ಹಲ್ಲು ಅಂದರೆ ಪ್ರಮಾಣಪತ್ರ ಇದ್ದ ಹಾಗೆ. ಹೆಚ್ಚಿನವರು ಒಪ್ಪಿಬಿಟ್ಟರು.

ತಕರಾರು ತೆಗೆದವರು ಜೀವಕೋಶ ಮತ್ತು ಡಿಎನ್‌ಎ ಓದುವ ಜನ. ತಿಮಿಂಗಿಲದ ಡಿಎನ್‌ಎ ದನ, ಜಿಂಕೆ, ಒಂಟೆ, ಹಂದಿಗಳ ಗುಂಪಿಗೆ, ಅಂದರೆ ಸರಿಸಂಖ್ಯೆಯ ಗೊರಸಿನ ಪ್ರಾಣಿಗಳ ಗುಂಪಿಗೆ ಹೋಗಿ ಕೂರುತ್ತಿತ್ತು. ಆ ಗುಂಪಿನಲ್ಲೂ ಹಿಪ್ಪೋ, ಅಂದರೆ ನೀರಾನೆಯ ಪಕ್ಕದಲ್ಲೇ. 1999ರಲ್ಲಿ ಜಪಾನಿನ ತಂಡವೊಂದು ಇನ್ನೂ ಬಲವಾದ ಸಾಕ್ಷಿ ಕೊಟ್ಟಿತು. ಡಿಎನ್‌ಎಯೊಳಗೆ ತಾವೇ ನಕಲಾಗಿ ಎಲ್ಲೆಲ್ಲೋ ಹೋಗಿ ಸೇರಿಕೊಳ್ಳುವ ತುಣುಕುಗಳಿವೆ. ಒಂದು ತುಣುಕು ಎರಡು ಬೇರೆ ಪ್ರಾಣಿಗಳಲ್ಲಿ ಸರಿಯಾಗಿ ಒಂದೇ ಜಾಗಕ್ಕೆ ಆಕಸ್ಮಿಕವಾಗಿ ಸೇರುವುದು ಬಹಳ ಅಪರೂಪ. ಇಬ್ಬರಲ್ಲೂ ಇದೆ ಅಂದರೆ ಒಂದೇ ಪೂರ್ವಜನಿಂದ ಬಂದಿದೆ ಅಂತಲೇ ಲೆಕ್ಕ. ಅಂಥ ತುಣುಕುಗಳು ತಿಮಿಂಗಿಲ ಮತ್ತು ನೀರಾನೆಯಲ್ಲಿ ಒಂದೇ ಜಾಗದಲ್ಲಿ ಕೂತಿದ್ದವು.

ಮೂಳೆಯವರು ಮೂಳೆ ತೋರಿಸಿ ಅಂದರು. ಯಾವ ಮೂಳೆ ಅನ್ನುವುದೂ ಗೊತ್ತಿತ್ತು. ಪಾದದ ಕೀಲಿನಲ್ಲಿರುವ ಆಸ್ಟ್ರಾಗಲಸ್. ನಮ್ಮ ಪಾದದಲ್ಲೂ ಈ ಮೂಳೆ ಇದೆ. ಇದರ ಮೇಲ್ತುದಿ ಮಾತ್ರ ರಾಟೆಯ ಆಕಾರದಲ್ಲಿದ್ದು ಕಾಲಿನ ಮೂಳೆಗೆ ಕೂರುತ್ತದೆ. ದನ, ಜಿಂಕೆ, ಹಂದಿ, ನೀರಾನೆಗಳಲ್ಲಿ ಕೆಳತುದಿಯಲ್ಲೂ ಇನ್ನೊಂದು ರಾಟೆ ಇರುತ್ತದೆ. ಮೇಲೊಂದು, ಕೆಳಗೊಂದು. ಪಾದ ಅತ್ತಿತ್ತ ತಿರುಚಿಕೊಳ್ಳದೆ ಮುಂದೆ ಹಿಂದೆ ಮಾತ್ರ ಆಡಲು ಇದು ಹೇಳಿಮಾಡಿಸಿದ ಜೋಡಣೆ. ಸರಿಸಂಖ್ಯೆ ಗೊರಸಿನ ಪ್ರಾಣಿಗಳನ್ನು ಬಿಟ್ಟರೆ ಬೇರೆಲ್ಲೂ ಇದಿಲ್ಲ. ಮೆಸೋನಿಕಿಡ್‌ಗಳಲ್ಲೂ ಇಲ್ಲ. ತೊಂದರೆ ಏನಪ್ಪಾ ಅಂದರೆ ಈಗಿನ ತಿಮಿಂಗಿಲಕ್ಕೆ ಪಾದವೇ ಇಲ್ಲವಲ್ಲ!

2001ರ ಸೆಪ್ಟೆಂಬರ್‌ನಲ್ಲಿ ಒಂದೇ ವಾರದೊಳಗೆ ಎರಡು ಲೇಖನ ಬಂದವು. ಒಂದು ಥೆವಿಸನ್ ಅವರ ಪಾಕಿಸೀಟಸ್ ಮತ್ತು ಅದರ ಬಳಗದ್ದು. ಇನ್ನೊಂದು ಗಿಂಗರಿಚ್ ಅವರದ್ದು, ಬಲೂಚಿಸ್ತಾನದಲ್ಲಿ ಸಿಕ್ಕ ಸುಮಾರು 4.7 ಕೋಟಿ ವರ್ಷ ಹಳೆಯ ಆರ್ಟಿಯೊಸೀಟಸ್ ಮತ್ತು ರೋಡೊಸೀಟಸ್ ಎಂಬ ತಿಮಿಂಗಿಲಗಳದ್ದು. ಎರಡರಲ್ಲೂ ಪಾದದ ಕೀಲು ಇತ್ತು. ಎರಡರಲ್ಲೂ ಜೋಡಿ ರಾಟೆ ಇತ್ತು. ಗಿಂಗರಿಚ್ ಅಲ್ಲಿಯವರೆಗೆ ಮೆಸೋನಿಕಿಡ್ ಪಕ್ಷದವರು. ತಾವೇ ಅಗೆದು ತೆಗೆದ ಮೂಳೆ ತಮ್ಮ ವಾದದ ವಿರುದ್ಧ ಸಾಕ್ಷಿ ಹೇಳಿತು, ಅವರು ಒಪ್ಪಿಕೊಂಡರು. ವಿಜ್ಞಾನದಲ್ಲಿ ಹೀಗೆ ನಡೆಯಬೇಕು ಅಂತ ಎಲ್ಲರೂ ಹೇಳುತ್ತಾರೆ. ನಿಜವಾಗಿ ನಡೆಯುವುದು ಅಷ್ಟು ಸಾಮಾನ್ಯವಲ್ಲ ಬಿಡಿ.

ಕಿವಿ ಹೇಳುತ್ತದೆ: ಇದು ತಿಮಿಂಗಿಲ. ಕೀಲು ಹೇಳುತ್ತದೆ: ಇದು ಜಿಂಕೆ, ನೀರಾನೆಗಳ ನೆಂಟ. ಹಾಗಾದರೆ ಆ ನೆಂಟರ ಕಡೆ ತಿಮಿಂಗಿಲಕ್ಕೆ ತೀರಾ ಹತ್ತಿರದವರು ಯಾರು? ಇದರ ಉತ್ತರ ಸಿಕ್ಕಿದ್ದು ಒಂದು ಎಡವಟ್ಟಿನಿಂದ.

ಜಮ್ಮು ಮತ್ತು ಕಾಶ್ಮೀರದ ಕಾಲಾಕೋಟ್ ಎಂಬಲ್ಲಿ ಭೂವಿಜ್ಞಾನಿ ಎ. ರಂಗರಾವ್ ಪಳೆಯುಳಿಕೆ ತುಂಬಿದ ಕಲ್ಲುಗಳನ್ನು ಸಂಗ್ರಹಿಸಿದ್ದರು. ಕೆಲವು ಹಲ್ಲು, ದವಡೆ ಚೂರುಗಳ ಆಧಾರದ ಮೇಲೆ 1971ರಲ್ಲಿ ಇಂಡೊಹ್ಯುಸ್ ಎಂಬ ಪುಟ್ಟ ಪ್ರಾಣಿಗೆ ಹೆಸರನ್ನೂ ಇಟ್ಟರು. ಉಳಿದ ಕಲ್ಲುಗಳು ಒಡೆಯದೆ ಹಾಗೇ ಉಳಿದವು. ಅವರು ತೀರಿಕೊಂಡ ಮೇಲೆ ಅವರ ಪತ್ನಿ ಆ ಕಲ್ಲುಗಳನ್ನು ಥೆವಿಸನ್‌ಗೆ ಕೊಟ್ಟರು. ಪ್ರಯೋಗಾಲಯದಲ್ಲಿ ಕಲ್ಲು ಬಿಡಿಸುವಾಗ ಸಹಾಯಕರ ಕೈತಪ್ಪಿ ಒಂದು ತಲೆಬುರುಡೆಯ ಕಿವಿಭಾಗ ಮುರಿಯಿತು. ಮುರಿದ ಕಡೆ ನೋಡಿದರೆ ಒಳಗೋಡೆ ದಪ್ಪ, ಹೊರಗೋಡೆ ತೆಳು. ತಿಮಿಂಗಿಲದ ಕಿವಿ! ತಿಮಿಂಗಿಲವೇ ಅಲ್ಲದ, ಬೆಕ್ಕಿಗಿಂತ ಅಷ್ಟೇನೂ ದೊಡ್ಡದಲ್ಲದ, ಸಣ್ಣ ಜಿಂಕೆಯಂಥ ಪ್ರಾಣಿಯಲ್ಲಿ. ಸುನಿಲ್ ಬಾಜಪೇಯಿ ಅವರೂ ಇದ್ದ ತಂಡ 2007ರಲ್ಲಿ ಇದನ್ನು ಪ್ರಕಟಿಸಿತು.

ಇಂಡೊಹ್ಯುಸ್‌ನ ಕಾಲಿನ ಮೂಳೆಯ ಗೋಡೆಯೂ ದಪ್ಪ. ಅಂದರೆ ಅದೂ ನೀರಲ್ಲಿ ಓಡಾಡುತ್ತಿತ್ತು. ಆದರೆ ಹಲ್ಲು ನೋಡಿದರೆ ಗಿಡ ತಿನ್ನುವ ಪ್ರಾಣಿ. ಇಲ್ಲಿ ಒಂದು ಹಳೇ ನಂಬಿಕೆ ಅಲ್ಲಾಡಿತು. ಮೀನಿನ ಆಸೆಗೆ ತಿಮಿಂಗಿಲದ ಪೂರ್ವಜರು ನೀರಿಗಿಳಿದರು ಅಂತ ಎಲ್ಲರೂ ಅಂದುಕೊಂಡಿದ್ದರು. ಆಫ್ರಿಕಾದ ಕಾಡಿನಲ್ಲಿ ಈಗಲೂ ಒಂದು ಬಗೆಯ ಮೌಸ್ ಡೀರ್, ಅಂದರೆ ಪುಟ್ಟ ಜಿಂಕೆಯಂಥ ಪ್ರಾಣಿ ಇದೆ. ಹದ್ದು ಮೇಲೆರಗಿದರೆ ಸೀದಾ ಹೊಳೆಗೆ ಹಾರಿ ನೀರಡಿಯಲ್ಲಿ ಅವಿತುಕೊಳ್ಳುತ್ತದೆ. ಇಂಡೊಹ್ಯುಸ್ ಕೂಡ ಹೀಗೆ ಪ್ರಾಣ ಉಳಿಸಿಕೊಳ್ಳಲು ನೀರು ಹಿಡಿದಿರಬಹುದು, ಮಾಂಸದ ರುಚಿ ಹತ್ತಿದ್ದು ಆಮೇಲೆ ಇರಬಹುದು ಅನ್ನುವುದು ಆ ತಂಡದ ವಾದ. ನನಗೆ ಈ ವಾದ ಹಿಡಿಸುತ್ತದೆ. ಹಸಿವಿಗಿಂತ ಹೆದರಿಕೆ ಬೇಗ ಓಡಿಸುತ್ತದೆ ಅಲ್ವಾ?

ಒಂದು ಎಚ್ಚರಿಕೆ. ಇಂಡೊಹ್ಯುಸ್ ಹುಟ್ಟಿ ಪಾಕಿಸೀಟಸ್ ಆಯಿತು, ಅದು ಮುಂದಿನದಾಯಿತು ಅಂತ ಸರಪಳಿ ಕಟ್ಟಬೇಡಿ. ಸಿಕ್ಕಿರುವ ಇಂಡೊಹ್ಯುಸ್ ಮೂಳೆಗಳು ಪಾಕಿಸೀಟಸ್‌ಗಿಂತ ಹಳೆಯವೇನಲ್ಲ. ಇವೆಲ್ಲ ದಾಯಾದಿಗಳು. ಅಜ್ಜ ಯಾರೆಂದು ಗೊತ್ತಿಲ್ಲದಿದ್ದರೂ ದಾಯಾದಿಗಳನ್ನು ಸಾಲಾಗಿ ನಿಲ್ಲಿಸಿದರೆ ಮನೆತನದ ಚಹರೆ ಯಾವ ಕ್ರಮದಲ್ಲಿ ಬದಲಾಯಿತು ಅಂತ ತಿಳಿಯುತ್ತದೆ.

ಸಾಲಿನಲ್ಲಿ ಮುಂದಿನದು ಆಂಬ್ಯುಲೊಸೀಟಸ್. ಪಾಕಿಸ್ತಾನದ ಪಂಜಾಬಿನ ಕಾಲಾ ಚಿಟ್ಟಾ ಬೆಟ್ಟಗಳಲ್ಲಿ ಸಿಕ್ಕಿದ್ದು, 1994ರಲ್ಲಿ ಪ್ರಕಟವಾಗಿದ್ದು. ಸುಮಾರು 3 ಮೀಟರ್ ಉದ್ದ, ಗಿಡ್ಡ ಕಾಲು, ಅಗಲವಾದ ಹಿಂಗಾಲಿನ ಪಾದ, ಮೊಸಳೆಯಂಥ ತಲೆ. ದಡದ ಹತ್ತಿರ ಹೊಂಚು ಹಾಕಿ ಬೇಟೆಯಾಡುತ್ತಿತ್ತು ಅನ್ನಿಸುತ್ತದೆ. ಅದು ಈಜಿದ ರೀತಿಯಲ್ಲಿ ದೊಡ್ಡ ವಿಷಯ ಅಡಗಿದೆ. ಮೀನು ಬಾಲವನ್ನು ಎಡಬಲ ಬೀಸುತ್ತದೆ. ತಿಮಿಂಗಿಲ ಮೇಲೆ ಕೆಳಗೆ ಬಡಿಯುತ್ತದೆ. ಯಾಕೆ ಅಂದರೆ ಸಸ್ತನಿಯ ಬೆನ್ನುಮೂಳೆ ಬಾಗುವುದೇ ಹಾಗೆ. ನಾಯಿ ನಾಗಾಲೋಟದಲ್ಲಿ ಓಡುವಾಗ ಅದರ ಬೆನ್ನು ಕಮಾನಿನಂತೆ ಮೇಲೇಳುತ್ತದೆ, ಆಮೇಲೆ ಚಾಚಿಕೊಳ್ಳುತ್ತದೆ. ನೀರುನಾಯಿ ಅದೇ ಚಲನೆಯನ್ನು ನೀರಿನಲ್ಲಿ ಬಳಸುತ್ತದೆ. ಆಂಬ್ಯುಲೊಸೀಟಸ್ ಕೂಡ ಬೆನ್ನನ್ನು ಹೀಗೆ ಬಳುಕಿಸಿ, ಹಿಂಗಾಲಿನಿಂದ ನೀರನ್ನು ಒದ್ದು ಈಜಿತು. ಇಂದು ಡಾಲ್ಫಿನ್ ಬಾಲ ಬಡಿಯುವಾಗ ನೀವು ನೋಡುವುದು ನೆಲದ ಮೇಲಿನ ಆ ಹಳೆಯ ಓಟವನ್ನೇ.

ಈಗ ಮತ್ತೆ ಕಿವಿಗೆ ಬರೋಣ. ನೀರೊಳಗೆ ಮುಳುಗಿದಾಗ ನಮಗೆ ಶಬ್ದ ಕೇಳಿಸುತ್ತದೆ, ಯಾವ ಕಡೆಯಿಂದ ಬಂತು ಅನ್ನುವುದು ತಿಳಿಯುವುದಿಲ್ಲ. ನಮ್ಮ ಮೈಯೂ ಬಹುಪಾಲು ನೀರೇ ಆದ್ದರಿಂದ ಶಬ್ದ ತಲೆಯನ್ನು ನೇರ ಹಾದು ಎರಡೂ ಕಿವಿಗಳನ್ನು ಒಟ್ಟಿಗೇ ಅಲುಗಿಸುತ್ತದೆ. ಈಗಿನ ಹಲ್ಲುಳ್ಳ ತಿಮಿಂಗಿಲಗಳು ಇದಕ್ಕೆ ದಾರಿ ಕಂಡುಕೊಂಡಿವೆ. ಶಬ್ದ ಒಳಬರುವುದು ಕೆಳದವಡೆಯಿಂದ. ದವಡೆಮೂಳೆಯ ಹಿಂಭಾಗದಲ್ಲಿ ದೊಡ್ಡ ತೂತು. ಅದರ ತುಂಬ ಕೊಬ್ಬು. ಆ ಕೊಬ್ಬಿನ ಮೂಲಕ ಶಬ್ದ ಕಿವಿಯ ಮೂಳೆಗೆ ಹೋಗುತ್ತದೆ. ಕಿವಿಯ ಮೂಳೆಗಳೋ ತಲೆಬುರುಡೆಯಿಂದ ಬಿಡಿಸಿಕೊಂಡು, ಸುತ್ತ ಗಾಳಿ ತುಂಬಿದ ಪೊಟ್ಟಣಗಳ ನಡುವೆ ಇವೆ. ಹಾಗಾಗಿ ತಲೆ ಅಲುಗಿದರೂ ಕಿವಿ ಅಲುಗುವುದಿಲ್ಲ. ಎಡ ಬಲ ಬೇರೆ ಬೇರೆಯಾಗಿ ಕೇಳಿಸುತ್ತದೆ.

ಪಳೆಯುಳಿಕೆಗಳ ದವಡೆಯಲ್ಲಿ ಆ ತೂತನ್ನು ಅಳೆಯುತ್ತಾ ಹೋಗಿ. ಪಾಕಿಸೀಟಸ್‌ನಲ್ಲಿ ಅದು ಬೇರೆ ನೆಲದ ಪ್ರಾಣಿಗಳಷ್ಟೇ ಸಣ್ಣದು. ಆಂಬ್ಯುಲೊಸೀಟಸ್‌ನಲ್ಲಿ ದೊಡ್ಡದಾಗಿದೆ. ಗುಜರಾತಿನ ಕಚ್‌ನಲ್ಲಿ ಸಿಗುವ ರೆಮಿಂಗ್ಟನೊಸೀಟಸ್‌ನಲ್ಲಿ ಇನ್ನೂ ದೊಡ್ಡದು. ಪೂರ್ತಿ ಸಮುದ್ರವಾಸಿಯಾದ ಬೆಸಿಲೊಸಾರಸ್ ಎಂಬ ತಿಮಿಂಗಿಲಕ್ಕೆ ಬರುವಷ್ಟರಲ್ಲಿ ದವಡೆಯ ಎತ್ತರದ ಬಹುಭಾಗವನ್ನೇ ನುಂಗಿದೆ. ಇಷ್ಟು ಚೊಕ್ಕವಾಗಿ, ಮೆಟ್ಟಿಲು ಮೆಟ್ಟಿಲಾಗಿ ಕಾಣುವ ವಿಕಾಸ ಪಳೆಯುಳಿಕೆಗಳಲ್ಲಿ ಅಪರೂಪ.

ಕಚ್‌ನ ತಿಮಿಂಗಿಲಗಳ ಬಗ್ಗೆ ಇನ್ನೊಂದು ಮಾತು. ಅಶೋಕ್ ಸಾಹನಿ ಮತ್ತು ಜೊತೆಗಾರರು 1970ರ ದಶಕದಿಂದಲೇ ಅಲ್ಲಿ ಹುಡುಕಾಟ ನಡೆಸಿದ್ದರು. ಅಲ್ಲಿನ ಪ್ರಾಣಿಗಳಿಗೆ ಉದ್ದನೆಯ ಕಿರಿದಾದ ಮೂತಿ, ತೀರಾ ಪುಟ್ಟ ಕಣ್ಣು. ಕೆಸರು ಕದಡಿದ ಕರಾವಳಿಯ ನೀರಲ್ಲಿ ಕಣ್ಣಿಗಿಂತ ಕಿವಿಯನ್ನೇ ನಂಬಿ ಬದುಕಿದವು. ಭಾರತದ ಭೂಭಾಗ ಏಷ್ಯಾಕ್ಕೆ ಒತ್ತಿಕೊಳ್ಳುತ್ತಿದ್ದ ಕಾಲ ಅದು. ನಡುವಿನ ಟೆಥಿಸ್ ಸಮುದ್ರ ಕಿರಿದಾಗುತ್ತಾ ಬೆಚ್ಚಗಿನ, ಆಳವಿಲ್ಲದ ನೀರು ಎಲ್ಲೆಡೆ ಹರಡಿತ್ತು. ಆರಂಭದ ತಿಮಿಂಗಿಲಗಳೆಲ್ಲ ಭಾರತ, ಪಾಕಿಸ್ತಾನಗಳಲ್ಲೇ ಸಿಗುವುದು ಇದಕ್ಕೇ.

ಅಲ್ಲಿಂದ ಹೊರಬಿದ್ದವು ಪ್ರೋಟೊಸೀಟಿಡ್ ಎಂಬ ಗುಂಪಿನವು. ಇವುಗಳ ಬದುಕು ಹೆಚ್ಚೂಕಮ್ಮಿ ಸೀಲ್‌ಗಳ ಹಾಗೆ: ಊಟ ಸಮುದ್ರದಲ್ಲಿ, ವಿಶ್ರಾಂತಿ ದಡದಲ್ಲಿ. 2009ರಲ್ಲಿ ಪ್ರಕಟವಾದ ಮಾಯಸೀಟಸ್ ಎಂಬ ಹೆಣ್ಣಿನ ಮೂಳೆಗಳ ನಡುವೆ ಒಂದು ಮರಿಯ ಮೂಳೆಗಳೂ ಇದ್ದವು. ಅದು ಹೊಟ್ಟೆಯೊಳಗಿನ ಮರಿ, ತಲೆ ಹಿಂದಕ್ಕೆ, ಹೊರಬರುವ ದಾರಿಗೆ ಮುಖ ಮಾಡಿದೆ ಎಂದು ತಂಡ ಹೇಳಿತು. ಡಾಲ್ಫಿನ್ ಮರಿಗಳು ಸಾಮಾನ್ಯವಾಗಿ ಬಾಲ ಮುಂದಾಗಿ ಹುಟ್ಟುತ್ತವೆ. ತಲೆ ಮುಂದಾಗಿ ಹುಟ್ಟುವುದು ನೆಲದ ಪ್ರಾಣಿಗಳ ರೀತಿ. ಹಾಗಾಗಿ ಮಾಯಸೀಟಸ್‌ನ ಹೆರಿಗೆ ದಡದ ಮೇಲೆ ಆಗಿರಬೇಕು ಅನ್ನುವ ತರ್ಕ. ಇದನ್ನು ಒಪ್ಪದವರೂ ಇದ್ದಾರೆ.

ಪೆರು ದೇಶದ ಕರಾವಳಿಯಲ್ಲಿ ಸಿಕ್ಕ ಪೆರೆಗೊಸೀಟಸ್ ಇನ್ನೂ ಮಜಾ. 4.26 ಕೋಟಿ ವರ್ಷ ಹಳೆಯದು, 2019ರಲ್ಲಿ ಪ್ರಕಟವಾಯಿತು. ಸುಮಾರು 4 ಮೀಟರ್ ಉದ್ದ, ನಾಲ್ಕೂ ಕಾಲು ಗಟ್ಟಿ, ಬೆರಳ ತುದಿಯಲ್ಲಿ ಪುಟ್ಟ ಗೊರಸು. ಇಷ್ಟೆಲ್ಲ ಇಟ್ಟುಕೊಂಡೇ ಇದರ ಹಿಂದಿನವರು ಆಫ್ರಿಕಾದ ಕಡೆಯಿಂದ ಅಟ್ಲಾಂಟಿಕ್ ದಾಟಿದ್ದರು! ಆಗ ಆ ಸಾಗರ ಈಗಿನಷ್ಟು ಅಗಲ ಇರಲಿಲ್ಲ, ಆದರೂ ಸಾಗರ ಸಾಗರವೇ. ಕಾಲು ಹೋದ ಮೇಲೆ ಸಮುದ್ರ ಗೆದ್ದವು ಅಂದುಕೊಂಡವರಿಗೆ ಇದು ಉತ್ತರ.

ಕಾಲು ನಿಜಕ್ಕೂ ಕೆಲಸ ಕಳೆದುಕೊಂಡಿದ್ದು ಸೊಂಟದಲ್ಲಿ. ನೆಲದ ಸಸ್ತನಿಯಲ್ಲಿ ಬೆನ್ನುಮೂಳೆಯ ಕೆಲವು ಮಣಿಗಳು ಒಂದಕ್ಕೊಂದು ಬೆಸೆದು ಸೊಂಟದ ಮೂಳೆಗೆ ಬಿಗಿಯಾಗಿ ಅಂಟಿರುತ್ತವೆ. ಮೈಭಾರ ಕಾಲಿಗೆ ಇಳಿಯುವ ದಾರಿ ಅದು. ಪಾಕಿಸೀಟಸ್‌ನಲ್ಲಿ ಈ ಬೆಸುಗೆ ಭದ್ರ. ರೋಡೊಸೀಟಸ್‌ನಲ್ಲಿ ಮಣಿಗಳು ಬಿಡಿಬಿಡಿಯಾಗಿವೆ. ಅಮೆರಿಕದ ಜಾರ್ಜಿಯಾಸೀಟಸ್‌ನಲ್ಲಿ ಸೊಂಟಕ್ಕೂ ಬೆನ್ನಿಗೂ ಸಂಪರ್ಕವೇ ಕಡಿದಿದೆ. ಇಂಥ ಪ್ರಾಣಿ ನಿಂತುಕೊಳ್ಳಲಾರದು. ಬೆನ್ನು ಮಾತ್ರ ಕುತ್ತಿಗೆಯಿಂದ ಬಾಲದವರೆಗೆ ಸಲೀಸಾಗಿ ಬಳುಕುತ್ತದೆ.

ಕೊನೆಗೆ ಪೂರ್ತಿ ಸಮುದ್ರದ ಪಾಲಾದದ್ದು ಬೆಸಿಲೊಸಾರಸ್. ಸುಮಾರು 15ರಿಂದ 18 ಮೀಟರ್ ಉದ್ದ, ಹಾವಿನಂತೆ ನೀಳ ದೇಹ. 1834ರಲ್ಲಿ ರಿಚರ್ಡ್ ಹಾರ್ಲನ್ ಇದನ್ನು ಸಮುದ್ರದ ದೈತ್ಯ ಹಲ್ಲಿ ಎಂದು ತಿಳಿದು ಹೆಸರಿಟ್ಟರು. ಕೆಲವೇ ವರ್ಷಗಳಲ್ಲಿ ಇಂಗ್ಲೆಂಡಿನ ರಿಚರ್ಡ್ ಓವನ್ ದವಡೆಹಲ್ಲಿಗೆ ಎರಡು ಬೇರುಗಳಿರುವುದನ್ನು ತೋರಿಸಿ, ಇದು ಸಸ್ತನಿ ಅಂದರು. ಆದರೆ ಮೊದಲು ಇಟ್ಟ ಹೆಸರೇ ಖಾಯಂ ಅನ್ನುವುದು ನಿಯಮ. 1845ರಲ್ಲಿ ಆಲ್ಬರ್ಟ್ ಕಾಖ್ ಎಂಬಾತ ಅಲಬಾಮಾದಲ್ಲಿ ಸಿಕ್ಕ ಹಲವು ಪ್ರಾಣಿಗಳ ಮೂಳೆ ಜೋಡಿಸಿ 114 ಅಡಿ ಉದ್ದದ ಸಮುದ್ರ ಸರ್ಪ ಮಾಡಿ, ನ್ಯೂಯಾರ್ಕ್‌ನಲ್ಲಿ ಟಿಕೆಟ್ ಇಟ್ಟು ತೋರಿಸಿದ್ದೂ ಉಂಟು.

ಈಜಿಪ್ಟಿನ ಮರುಭೂಮಿಯ ವಾದಿ ಅಲ್ ಹಿತಾನ್ ಎಂಬ ಕಣಿವೆಯಲ್ಲಿ ಬೆಸಿಲೊಸಾರಸ್ ಮತ್ತು ಅದರ ಸಣ್ಣ ನೆಂಟ ಡೊರುಡಾನ್‌ನ ನೂರಾರು ಅಸ್ಥಿಪಂಜರಗಳು ಮರಳಿನ ಮೇಲೆ ಚಾಚಿಕೊಂಡಿವೆ. 2005ರಲ್ಲಿ ಅದು ವಿಶ್ವ ಪರಂಪರೆಯ ತಾಣವಾಯಿತು. ಗಿಂಗರಿಚ್ ತಂಡಕ್ಕೆ ಬೆಸಿಲೊಸಾರಸ್‌ನ ಹಿಂಗಾಲು ಸಿಕ್ಕಿದ್ದು ಅಲ್ಲಿಯೇ. 1990ರಲ್ಲಿ ಪ್ರಕಟಿಸಿದರು. ತೊಡೆ, ಮಂಡಿಚಿಪ್ಪು, ಪಾದ, ಬೆರಳು, ಎಲ್ಲವೂ ಇವೆ. ಆದರೆ ಅಷ್ಟು ದೊಡ್ಡ ಮೈಗೆ ಇಡೀ ಕಾಲು ಒಂದು ಮಗುವಿನ ಕಾಲಿಗಿಂತ ಹೆಚ್ಚೇನಿಲ್ಲ. ಮೂಗಿನ ಹೊಳ್ಳೆ ಮೂತಿಯ ತುದಿ ಬಿಟ್ಟು ಹಿಂದೆ ಸರಿದಿತ್ತು, ನೆತ್ತಿ ಇನ್ನೂ ಮುಟ್ಟಿರಲಿಲ್ಲ. ಶಬ್ದ ಹೊರಡಿಸಿ ಪ್ರತಿಧ್ವನಿಯಿಂದ ಬೇಟೆ ಹುಡುಕುವ ಅಂಗ ಇರಲಿಲ್ಲ. ಕೇಳುವ ಕಿವಿ ಮಾತ್ರ ತಯಾರಾಗಿತ್ತು.

ಸುಮಾರು 3.4 ಕೋಟಿ ವರ್ಷಗಳ ಹಿಂದೆ ಭೂಮಿ ತಂಪಾಗುವ ಹೊತ್ತಿಗೆ ಬೆಸಿಲೊಸಾರಸ್ ಬಳಗ ಹೆಚ್ಚೂಕಮ್ಮಿ ಅಳಿಯಿತು. ಅಷ್ಟರಲ್ಲಾಗಲೇ ಅವುಗಳ ಹತ್ತಿರದ ಸಂಬಂಧಿಕರಿಂದ ಈಗಿನ ಎರಡು ಕವಲುಗಳು ಒಡೆದಿದ್ದವು. ಒಂದು ಕವಲು ಹಲ್ಲು ಉಳಿಸಿಕೊಂಡಿತು, ಡಾಲ್ಫಿನ್ ಮತ್ತು ಸ್ಪರ್ಮ್ ತಿಮಿಂಗಿಲಗಳು ಇದರವು. ಇನ್ನೊಂದು ಹಲ್ಲು ಬಿಟ್ಟು, ನೀರು ಸೋಸುವ ಬಲೀನ್ ಪಟ್ಟಿಗಳನ್ನು ಬೆಳೆಸಿಕೊಂಡಿತು, ನೀಲಿ ತಿಮಿಂಗಿಲ ಈ ಕಡೆಯದು. ಹೊಟ್ಟೆಯಲ್ಲಿರುವ ಬಲೀನ್ ತಿಮಿಂಗಿಲದ ಮರಿಗೆ ಈಗಲೂ ಹಲ್ಲಿನ ಮೊಳಕೆ ಬಂದು, ಹುಟ್ಟುವ ಮೊದಲೇ ಮಾಯವಾಗುತ್ತದೆ. ಎನಾಮಲ್ ಮಾಡುವ ವಂಶವಾಹಿಗಳು ಅವುಗಳ ಡಿಎನ್‌ಎಯಲ್ಲಿ ಕೆಟ್ಟುಹೋದ ಸ್ಥಿತಿಯಲ್ಲಿ ಇನ್ನೂ ಇವೆ.

ಹಿಂಗಾಲಿನದ್ದೂ ಇದೇ ಕಥೆ. ಡಾಲ್ಫಿನ್ ಭ್ರೂಣಕ್ಕೆ ಕೆಲವು ವಾರಗಳಾದಾಗ ಹಿಂಗಾಲಿನ ಮೊಗ್ಗು ಮೂಡುತ್ತದೆ, ಆಮೇಲೆ ಬೆಳವಣಿಗೆಯ ಸಂಕೇತ ನಿಂತು ಕರಗುತ್ತದೆ. 2006ರಲ್ಲಿ ಜಪಾನಿನ ತೈಜಿಯಲ್ಲಿ ಹಿಂದುಗಡೆ ಇನ್ನೊಂದು ಜೊತೆ ಈಜುರೆಕ್ಕೆ ಇದ್ದ ಡಾಲ್ಫಿನ್ ಸಿಕ್ಕಿತ್ತು. ಇನ್ನು ಒಳಗೆ ಉಳಿದಿರುವ ಆ ಪುಟ್ಟ ಸೊಂಟದ ಮೂಳೆ ದಂಡಕ್ಕೆ ಉಳಿದದ್ದು ಅಂತ ಬಹಳ ಕಾಲ ಪಾಠಗಳಲ್ಲಿ ಹೇಳುತ್ತಿದ್ದರು. ಅದು ಸರಿಯಲ್ಲ. ಗಂಡುಗಳಲ್ಲಿ ಶಿಶ್ನವನ್ನು ಆಡಿಸುವ ಸ್ನಾಯುಗಳು ಅಂಟಿಕೊಂಡಿರುವುದು ಆ ಮೂಳೆಗೇ. ಹೆಣ್ಣಿಗಾಗಿ ಪೈಪೋಟಿ ಜಾಸ್ತಿ ಇರುವ ಜಾತಿಗಳಲ್ಲಿ, ಮೈಗಾತ್ರಕ್ಕೆ ಹೋಲಿಸಿದರೆ, ಅದು ದೊಡ್ಡದಾಗಿಯೇ ಇದೆ ಎಂದು 2014ರ ಒಂದು ಅಧ್ಯಯನ ಅಳೆದು ತೋರಿಸಿತು. ನಡೆಯುವ ಕೆಲಸ ಹೋದರೂ ಈ ಕೆಲಸ ಉಳಿದುಕೊಂಡಿದ್ದರಿಂದಲೇ ಆ ಮೂಳೆ ಇನ್ನೂ ಅಲ್ಲಿದೆ.